ನಿಂಗವ್ವನ ಹೆಸರಿನ ಗೋಡೆ

ಬೊಂಬಾಯಿಯ ದಹಿಸರಿನ ನಮ್ಮ ಸೊಸೈಟಿಯವರು ಕಾಂಪೌಂಡಿನ ಗೋಡೆಗೆ ಕೆನೆಬಣ್ಣ ಹೊಡೆಸಿದ ಮಾರನೆಯ ದಿನವೇ ಯಾರೋ ಪುಣ್ಯಾತ್ಮರು ಅದರ ಮೇಲೆ ಇದ್ದಿಲಿನಿಂದ ಮೂರು ಸ್ಟಂಪು ಬರೆದುಬಿಟ್ಟರು. ಸೆಕ್ರೆಟರಿಗಳು ಅಂದೇ ಸಂಜೆ ಮೀಟಿಂಗು ಕರೆದರು. ಮಕ್ಕಳ ತಂದೆತಾಯಿಗೆ ನೋಟೀಸು ಕೊಡಬೇಕು ಎಂದು ಒಬ್ಬರೆಂದರು. ಗೋಡೆಯ ನೆತ್ತಿಗೆ ಗಾಜಿನ ಚೂರು ನೆಡಿಸಬೇಕು ಎಂದು ಇನ್ನೊಬ್ಬರೆಂದರು. ಸ್ಟಂಪಿಗೂ ಗಾಜಿನ ಚೂರಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ನನ್ನ ಅಭಿಪ್ರಾಯ ಕೇಳಿದಾಗ, "ಬೇಲ್ಸ್ ಬರೆಯುವುದನ್ನು ಮರೆತಿದ್ದಾರೆ, ಅದೊಂದೇ ಲೋಪ" ಎಂದೆ. ಯಾರೂ ನಗಲಿಲ್ಲ. ವಯಸ್ಸಾದವರು ಏನೋ ಅನ್ನುತ್ತಿರುತ್ತಾರೆ ಎಂದು ಮುಂದಿನ ವಿಷಯಕ್ಕೆ ಹೋದರು.

ಖಾಲಿ ಗೋಡೆ ಕಂಡರೆ ನನಗೆ ಸಂಕಟವಾಗುತ್ತದೆ ಎಂದು ಅವರಿಗೆ ಹೇಗೆ ಹೇಳಲಿ? ಗೋಡೆ ಓದುವುದು ನನ್ನ ಹಳೆಯ ಗೀಳು. ವಿಶಾಲು ಇದ್ದಾಗ ಅವಳಿಗೂ ಅಂಟಿತ್ತು. ವಿಶಾಲು ಎಂದರೆ ನನ್ನ ಹೆಂಡತಿ ವಿಶಾಲಾಕ್ಷಿ. ಅವಳು ಹೋಗಿ ಬಹಳ ಕಾಲವಾಯಿತು. ನಾವಿಬ್ಬರೂ ಜೊತೆಯಾಗಿ ತರಕಾರಿಗೆ ಹೊರಟರೆ ಹಾದಿಯ ಗೋಡೆಗಳನ್ನೆಲ್ಲ ಓದಿ ಮುಗಿಸಿ ಮಾರ್ಕೆಟ್ಟು ಸೇರುವಷ್ಟರಲ್ಲಿ ಬಾಡಿದ ಮೆಂತ್ಯಸೊಪ್ಪು ಮಾತ್ರ ಉಳಿದಿರುತ್ತಿತ್ತು. ಈಗ ಒಬ್ಬನೇ ಹೋಗುತ್ತೇನೆ, ಒಳ್ಳೆಯ ಸೊಪ್ಪೇ ಸಿಗುತ್ತದೆ.

ಓದುವ ಗೀಳು ಇದ್ದಷ್ಟು ಬರೆಯುವ ಧೈರ್ಯ ನನಗೆ ಎಂದೂ ಇರಲಿಲ್ಲ. ಮೈಸೂರಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಆಂಜನೇಯನ ಗುಡಿಯ ಹಿಂಗೋಡೆಗೆ ಪರೀಕ್ಷೆಯ ನಂಬರು ಬರೆದರೆ ಪಾಸಾಗುತ್ತದೆ ಎಂಬ ನಂಬಿಕೆಯಿತ್ತು. ಎಲ್ಲರೂ ಮೊಳೆಯಿಂದ ಕೆತ್ತಿದರು, ಕೆಲವರು "ಗಣಿತ ಒಂದು ನೋಡ್ಕೊಳಪ್ಪ" ಎಂದು ವಿವರವನ್ನೂ ಕೊಟ್ಟರು. ನಾನು ಪೆನ್ಸಿಲಿನಲ್ಲಿ, ಇದ್ದೂ ಇಲ್ಲದ ಹಾಗೆ ಬರೆದೆ. ಅರ್ಚಕರು ಗದರಿಸಿದರೆ ಒದ್ದೆ ಬೆರಳಿನಿಂದ ಅಳಿಸಿಬಿಡಬಹುದು ಎಂಬ ಲೆಕ್ಕಾಚಾರ. ಆಂಜನೇಯನಿಗೆ ಕಂಡಿತೋ ಇಲ್ಲವೋ, ನಾನು ಅಂಚಿನಲ್ಲಿ ಪಾಸಾದೆ. ನನ್ನ ಇಡೀ ಜೀವನ ಹಾಗೆಯೇ, ಪೆನ್ಸಿಲಿನಲ್ಲಿ ಬರೆದದ್ದು ಎಂದು ವಿಶಾಲು ರೇಗಿಸುತ್ತಿದ್ದಳು.

ಅರವತ್ತರ ದಶಕದ ಕೊನೆಯಲ್ಲಿ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿ ಬೊಂಬಾಯಿಗೆ ಬಂದಾಗ ನನಗೆ ಮರಾಠಿಯೂ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಎರಡನ್ನೂ ಕಲಿಸಿದ್ದು ಗೋಡೆಗಳು. ಲೋಕಲ್ಲಿನ ಕಿಟಕಿಯ ಬಳಿ ಕೂತರೆ ಹಳಿಯ ಉದ್ದಕ್ಕೂ ಆಳೆತ್ತರದ ಅಕ್ಷರಗಳು. ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತಿತ್ತು. ಉಳಿದರ್ಧವನ್ನು ಮರುದಿನ ಓದಬೇಕು. ಹೀಗೆ ಶ್ರದ್ಧೆಯಿಂದ ಅಭ್ಯಾಸ ಮಾಡಿ ನಾನು ಮೊದಲು ಕಲಿತ ಪದಗಳು ಹುಳುಕಡ್ಡಿ, ತುರಿ, ಮೂಲವ್ಯಾಧಿ, ಗುಪ್ತರೋಗ. ಆಮೇಲೆ 'ಶರ್ತಿಯಾ ಇಲಾಜ್', ಅಂದರೆ ಖಾತರಿ ಚಿಕಿತ್ಸೆ. ಕಿರಾಣಿ ಅಂಗಡಿಯವನ ಹತ್ತಿರ ಅಕ್ಕಿ ಒಳ್ಳೆಯದೇ ಎಂದು ಕೇಳಲು ನನಗೆ ಗೊತ್ತಿದ್ದ ಒಂದೇ ಒಂದು ಭರವಸೆಯ ಮಾತು ಅದು. "ಚಾವಲ್ ಶರ್ತಿಯಾ?" ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾವ ಕಾಯಿಲೆ ಎಂದು ಮೆಲ್ಲಗೆ ವಿಚಾರಿಸಿದ.

ಆ ಊರಿನಲ್ಲಿ ಗೋಡೆಗಳು ಸುಮ್ಮನಿರುತ್ತಿರಲಿಲ್ಲ. ಲೋಕಲ್ಲಿನ ಮರದ ಹಲಗೆಯ ಮೇಲೆ ಬಾಣ ಚುಚ್ಚಿದ ಹೃದಯಗಳು, ಒಳಗೆ ಎರಡು ಹೆಸರು, ಆಮೇಲೆ ಯಾರೋ ಒಂದು ಹೆಸರನ್ನು ಕೆರೆದು ತಮ್ಮದನ್ನು ಹಾಕಿದ ಗುರುತು. ಡಬಲ್ ಡೆಕ್ಕರ್ ಬಸ್ಸಿನ ಮಹಡಿಯ ಸೀಟುಗಳ ಬೆನ್ನಿಗೆ ಸಿನಿಮಾ ತಾರೆಯರ ಹೆಸರುಗಳು. ಗಲ್ಲಿಯ ಮೂಲೆಗಳಲ್ಲಿ "ಇಲ್ಲಿ ಉಚ್ಚೆ ಹೊಯ್ಯುವವನು ಕತ್ತೆ" ಎಂಬ ಬರಹ, ಓದಲು ಬಾರದವರ ಅನುಕೂಲಕ್ಕೆ ಪಕ್ಕದಲ್ಲಿ ಕತ್ತೆಯ ಚಿತ್ರ. ಅದಕ್ಕೂ ಜಗ್ಗದ ಮೂಲೆಗಳಲ್ಲಿ ಎಲ್ಲ ಧರ್ಮಗಳ ದೇವರ ಟೈಲುಗಳನ್ನು ಸಾಲಾಗಿ ಕೂರಿಸಿ ಕಾವಲಿಗೆ ನಿಲ್ಲಿಸಿರುತ್ತಿದ್ದರು. ಸ್ಟೇಷನ್ನಿನ ಪಾಯಖಾನೆಯ ಗೋಡೆಯಂತೂ ಒಂದು ಸಭೆ. ಬೆಳಿಗ್ಗೆ ಒಬ್ಬ ಪ್ರಶ್ನೆ ಕೇಳಿದರೆ ಸಂಜೆಯೊಳಗೆ ಉತ್ತರ ಬಂದಿರುತ್ತಿತ್ತು, ಉತ್ತರ ಕೊಟ್ಟವನಿಗೆ ಮೂರನೆಯವನಿಂದ ಬೈಗುಳವೂ ಸಿಕ್ಕಿರುತ್ತಿತ್ತು. ನಮ್ಮ ಆಫೀಸಿನಲ್ಲಿ ಒಂದು ಫೈಲು ಈ ಮೇಜಿನಿಂದ ಆ ಮೇಜಿಗೆ ಹೋಗಲು ವಾರ ಹಿಡಿಯುತ್ತಿತ್ತು.

ಇನ್ನೊಂದು ಬಗೆಯ ಬರಹವೂ ಇತ್ತು. ಮದ್ರಾಸಿಗಳು ಊರು ಬಿಟ್ಟು ಹೊರಡಬೇಕು ಎಂಬ ಅರ್ಥದ್ದು. ತೆಂಕಣದಿಂದ ಬಂದವರೆಲ್ಲ ಆ ಕಾಲಕ್ಕೆ ಮದ್ರಾಸಿಗಳೇ. ಮೈಸೂರಾದರೇನು, ಮಂಗಳೂರಾದರೇನು. ವಡಾಲಾ ಸ್ಟೇಷನ್ನಿನ ಸೇತುವೆಯ ಕೆಳಗೆ ಗೂಡ್ಸ್ ಯಾರ್ಡಿಗೆ ಸೇರಿದ ಉದ್ದನೆಯ ಕಲ್ಲುಗೋಡೆಯೊಂದಿತ್ತು. ಅದರ ಮೇಲೆ ಆ ಘೋಷಣೆಯನ್ನು ಕೆಂಪು ಬಣ್ಣದಲ್ಲಿ, ಬಹಳ ಅಂದವಾದ ಕೈಬರಹದಲ್ಲಿ ಬರೆದಿದ್ದರು. ಮದುವೆಯಾಗಿ ವಿಶಾಲುವನ್ನು ವಡಾಲಾದ ಚಾಳಿಗೆ ಕರೆತಂದ ದಿನ, ಸ್ಟೇಷನ್ನಿನಿಂದ ನಡೆದು ಬರುವಾಗ ಅವಳು ಮೊದಲು ಕೇಳಿದ್ದೇ ಅದನ್ನು.

"ಏನ್ರೀ ಅದು, ಎಷ್ಟು ಚೆನ್ನಾಗಿ ಬರ್ದಿದಾರೆ?"

ಹೊಸ ಹೆಂಡತಿಗೆ ಹೊಸ ಊರಿನ ಮೊದಲ ಮಾತಾಗಿ ಅದನ್ನು ಹೇಳಲು ಮನಸ್ಸು ಬರಲಿಲ್ಲ. "ಹಲ್ಲುಪುಡಿ ಜಾಹೀರಾತು" ಎಂದೆ. ಅವಳು ನಂಬಿದಳು.

ಚಾಳಿನ ನಮ್ಮ ಒಂಟಿ ಕೋಣೆಯ ಖೋಲಿಯಲ್ಲಿ ಒಂದು ಮಂಚ, ಇದ್ದಿಲಿನ ಒಂದು ಶೆಗಡಿ, ನೀರಿನ ಹಂಡೆ ಇಟ್ಟರೆ ನಡೆದಾಡಲು ಜಾಗವಿರಲಿಲ್ಲ. ವಿಶಾಲು ಮೈಸೂರಿನಲ್ಲಿ ತುಂಬಿದ ಮನೆಯಿಂದ ಬಂದವಳು. ಅಲ್ಲಿ ಅವಳ ಚಿಕ್ಕಮ್ಮಂದಿರು, ಅತ್ತೆಯರು, ಅಕ್ಕಪಕ್ಕದವರು ಸೇರಿ ದಿನವಿಡೀ ಮಾತು. ಇಲ್ಲಿ ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವನು, ಬಂದ ಮೇಲೂ ಬಾಯಿ ಬಿಡುವವನಲ್ಲ. ಪಕ್ಕದ ಖೋಲಿಯ ಕುಸುಮತಾಯಿ ಒಳ್ಳೆಯ ಹೆಂಗಸು, ಆದರೆ ಮರಾಠಿ ಬಿಟ್ಟು ಬೇರೆ ಮಾತು ಬಾರದು. ಇಬ್ಬರೂ ಕೈಸನ್ನೆಯಲ್ಲಿ ಹಾಗಲಕಾಯಿ ಗೊಜ್ಜನ್ನು ಚರ್ಚಿಸುವುದನ್ನು ನಾನು ನೋಡಿದ್ದೇನೆ. ಒಂದು ಸಂಜೆ ನಾನು ಬಂದಾಗ ವಿಶಾಲು ಉಪ್ಪಿನಕಾಯಿ ಭರಣಿಯ ಮುಂದೆ ಕೂತು, ಭರಣಿಗೆ ಸುತ್ತಿದ್ದ ಹಳೆಯ ಮೈಸೂರು ಪೇಪರಿನ ತುಂಡನ್ನು ಓದುತ್ತಿದ್ದಳು. ಅದರಲ್ಲಿದ್ದುದು ರೇಷ್ಮೆಗೂಡಿನ ಮಾರುಕಟ್ಟೆಯ ಸುದ್ದಿ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ನಾನು ಕಂಡರೂ ಕಾಣದವನಂತೆ ಕಾಲು ತೊಳೆಯಲು ಹೋದೆ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಅವಳು ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು. ಮುಖ ಅರಳಿತ್ತು.

"ಏನ್ರೀ, ಸೇತುವೆ ಕೆಳಗಿನ ಗೋಡೇಲಿ ಕನ್ನಡ ಇದೆ ಕಣ್ರೀ! ನಮ್ಮ ಕನ್ನಡ! ಬನ್ನಿ ತೋರಿಸ್ತೀನಿ."

ಕಾಫಿಯೂ ಇಲ್ಲದೆ ನನ್ನನ್ನು ಎಳೆದುಕೊಂಡು ಹೋದಳು. ನೋಡಿದರೆ ಯಾವನೋ ಒಬ್ಬ ಇನ್ನೊಬ್ಬನ ಮನೆಯ ಹೆಂಗಸರನ್ನೆಲ್ಲ ಸೇರಿಸಿ ಬೈದಿದ್ದ ಬೈಗುಳ. ನಾನು ಸುತ್ತಮುತ್ತ ನೋಡಿ, ಮರ್ಯಾದಸ್ಥರು ನಿಂತು ಓದುವ ಸಾಹಿತ್ಯವಲ್ಲ ಇದು ಎಂದೆ.

"ಬೈಗುಳ ಆದ್ರೇನ್ರೀ, ನಮ್ಮ ಬೈಗುಳ" ಎಂದಳು ವಿಶಾಲು. "ಎಷ್ಟು ದಿನ ಆಯ್ತು, ಯಾರಾದ್ರೂ ನನಗರ್ಥ ಆಗೋ ಹಾಗೆ ಬೈದು."

ಆ ಯಾರ್ಡಿನ ಆಚೆ ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಕೂಲಿಯವರು ತಂಡತಂಡವಾಗಿ ಇಳಿಯುತ್ತಿದ್ದರು. ಒಂದು ಕಟ್ಟಡ ಮುಗಿದರೆ ಗುಡಿಸಲು ಕಿತ್ತು ಇನ್ನೊಂದು ಕಡೆ. ಅವರಿಗೆ ವಿಳಾಸವೆಂಬುದು ಇರಲಿಲ್ಲ. ಹಿಂದಿನಿಂದ ಬರುವ ಬಂಧುಬಳಗಕ್ಕೆ ತಾವು ಎತ್ತ ಹೋದೆವೆಂದು ತಿಳಿಸಲು ಇದೇ ಗೋಡೆಗೆ ಇದ್ದಿಲಿನಲ್ಲಿ ಬರೆದು ಹೋಗುವ ಪದ್ಧತಿ. ವಿಶಾಲು ಅದನ್ನು ಕಂಡುಕೊಂಡ ಮೇಲೆ ದಿನಾ ತರಕಾರಿಗೆ ಹೋಗುವಾಗ ಗೋಡೆ ಓದಿಬಂದು ನನಗೆ ವರದಿ ಒಪ್ಪಿಸತೊಡಗಿದಳು. ಹನುಮಪ್ಪನವರು ಠಾಣಾ ಕಡೆ ಹೋದರಂತೆ, ದುರ್ಗವ್ವನ ಗಂಡ ಜ್ವರ ಬಂದು ಊರಿಗೆ ಮರಳಿದನಂತೆ. ನೋಡದೆ ಇದ್ದವರ ಯೋಗಕ್ಷೇಮ ನಮ್ಮ ಊಟದ ಹೊತ್ತಿಗೆ ಮಾತಾಯಿತು.

ಒಂದು ಬರಹ ಮಾತ್ರ ಅವಳ ಮನಸ್ಸಿಗೆ ನಾಟಿತು. "ನಿಂಗವ್ವಾ ನಾವು ಮುಲುಂಡಕ್ಕ ಹೋಗೇವಿ. ನೀ ಅಲ್ಲೇ ಬಾ. ಟೇಸನ್ ಹಿಂದ ದೊಡ್ಡ ಬಿಲ್ಡಿಂಗ್. ನಿಮ್ಮಣ್ಣ ಯಲ್ಲಪ್ಪ." ಕೆಳಗೆ ಯಾರೋ ಮಕ್ಕಳು ಗೀಚಿದಂತೆ ಒಂದು ಚೇಳಿನ ಚಿತ್ರ.

"ಪಾಪ, ಒಬ್ಬಳೇ ಬರ್ತಾಳೇನೋ ಅಲ್ವಾ? ನೋಡದೆ ಹೋಗ್ಬಿಟ್ರೆ?" ಎಂದಳು ವಿಶಾಲು. ನಿಂಗವ್ವ ಬಂದಳೇ ಇಲ್ಲವೇ ಎಂಬುದು ನಮ್ಮ ಮನೆಯ ಚಿಂತೆಯಾಯಿತು.

ಅಷ್ಟರಲ್ಲಿ ಯಾರೋ ದೊಡ್ಡ ಅಧಿಕಾರಿ ಬರುತ್ತಾರೆಂದು ಇಡೀ ಗೋಡೆಗೆ ಸುಣ್ಣ ಹೊಡೆದರು. ಬೈಗುಳ, ಹನುಮಪ್ಪ, ನಿಂಗವ್ವ ಎಲ್ಲ ಬಿಳಿಯಾದವು. ಕೆಂಪು ಘೋಷಣೆ ಮಾತ್ರ ಎಣ್ಣೆಬಣ್ಣದ್ದಾದ್ದರಿಂದ ಸುಣ್ಣದೊಳಗಿಂದಲೂ ಇಣುಕುತ್ತಿತ್ತು. ವಿಶಾಲು ಅಂದು ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ನಾನು ಮನೆಗೆ ಬಂದಾಗ ಅವಳ ಬಲಗೈ ಬೆರಳುಗಳು ಕಪ್ಪಾಗಿದ್ದವು.

"ಶೆಗಡಿ ಒರೆಸಿದೆಯಾ?" ಎಂದೆ.

"ಇಲ್ಲ. ನಿಂಗವ್ವನ ಕಾಗದ ಮತ್ತೆ ಬರ್ದು ಬಂದೆ. ಆ ನಿಮ್ಮ ಹಲ್ಲುಪುಡಿ ಜಾಹೀರಾತಿದೆಯಲ್ಲ, ಅದರ ಕೆಳಗೇನೇ."

ಅವಳು ಅಷ್ಟರಲ್ಲಿ ಕುಸುಮತಾಯಿಯಿಂದ ದೇವನಾಗರಿ ಕಲಿತಿದ್ದಳೆಂದೂ, ಹಲ್ಲುಪುಡಿಯ ಗುಟ್ಟು ತಿಳಿದು ಎಷ್ಟೋ ದಿನವಾಗಿತ್ತೆಂದೂ ಆಗ ಗೊತ್ತಾಯಿತು. ತೆಂಕಣದವರು ತೊಲಗಬೇಕೆಂಬ ಬರಹದ ಕೆಳಗೆ, ಹಾಡಹಗಲು, ಬೊಂಬಾಯಿಯ ರೈಲ್ವೆಯ ಆಸ್ತಿಯ ಮೇಲೆ, ನನ್ನ ಹೆಂಡತಿ ದುಂಡನೆಯ ಕನ್ನಡದಲ್ಲಿ ಬರೆದುಬಂದಿದ್ದಳು. ಪೊಲೀಸು, ಕೋರ್ಟು, ಕೆಲಸ ಹೋದದ್ದು, ಬೀದಿಪಾಲಾದದ್ದು ಎಲ್ಲವನ್ನೂ ನಾನು ಒಂದೇ ಉಸಿರಿನಲ್ಲಿ ವರ್ಣಿಸಿದೆ. ಅವಳು ಎಲ್ಲ ಕೇಳಿ, "ಕುಸುಮತಾಯಿ ಕೊಡೆ ಮರೆ ಹಿಡ್ಕೊಂಡು ನಿಂತಿದ್ರು, ಯಾರೂ ನೋಡಿಲ್ಲ, ಕಾಫಿ ಕುಡೀರಿ" ಎಂದಳು. ಕುಸುಮತಾಯಿ ಅದನ್ನು ನಮ್ಮ ಕಡೆಯ ಏನೋ ಹರಕೆ ಎಂದುಕೊಂಡಿದ್ದರು. ತಮ್ಮ ಮಗನಿಗೂ ನೌಕರಿಯಾಗಲೆಂದು ಒಂದು ಸಾಲು ಬರೆದುಬಿಡು ಎಂದು ಅಕ್ಕಿ ಕುಂಕುಮ ಹಿಡಿದು ಬಂದಿದ್ದರಂತೆ.

ಮಳೆ ಬಂದು ಇದ್ದಿಲು ಕರಗಿದರೆ, ಯಾರಾದರೂ ಮೇಲೆ ಪೋಸ್ಟರು ಅಂಟಿಸಿದರೆ, ವಿಶಾಲು ಮತ್ತೆ ಬರೆಯುತ್ತಿದ್ದಳು. ಯಲ್ಲಪ್ಪನ ಒಂದು ಮಾತನ್ನೂ ಬದಲಿಸದೆ, 'ಮುಲುಂಡಕ್ಕ' ಎಂಬುದನ್ನೂ ಹಾಗೆಯೇ. ಅವನದಕ್ಕಿಂತ ಸ್ಫುಟವಾಗಿ, ಗೆರೆ ಎಳೆದು, ಶಾಲೆಯ ಕಪ್ಪುಹಲಗೆಯಲ್ಲಿ ಬರೆಯುವಂತೆ. ಮಕ್ಕಳ ಗೀಚಾಟವನ್ನು ಮಾತ್ರ ಸಹಜವಾಗಿಯೇ ಬಿಟ್ಟಳು. ಸಂಜೆ ನಾನು ಲೋಕಲ್ಲಿನಿಂದ ಇಳಿದು ಸೇತುವೆ ಕೆಳಗೆ ಬರುವಾಗ, ನನಗೂ ಆ ಬರಹಕ್ಕೂ ಸಂಬಂಧವಿಲ್ಲದವನಂತೆ ಆಚೆ ಬದಿಯಲ್ಲಿ ನಡೆಯುತ್ತಿದ್ದೆ. ಆದರೂ ಓರೆಗಣ್ಣಿನಿಂದ ನೋಡಿ, ಇದೆ ಎಂದು ಖಾತರಿ ಮಾಡಿಕೊಳ್ಳುತ್ತಿದ್ದೆ.

ಮುಂದಿನದನ್ನು ವಿಶಾಲು ಹೇಳಿದಂತೆ ಹೇಳುತ್ತೇನೆ. ನಾನು ಆಗ ಆಫೀಸಿನಲ್ಲಿದ್ದೆ.

ಒಂದು ಬುಧವಾರ ಮಧ್ಯಾಹ್ನ ಅವಳು ಮಾರ್ಕೆಟ್ಟಿಗೆ ಹೋಗುವಾಗ ಆ ಗೋಡೆಗೆ ಒರಗಿಕೊಂಡು ಇಳಕಲ್ ಸೀರೆಯ ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟು. ನಿಂಗವ್ವನ ಹೆಸರು ಸರಿಯಾಗಿ ಅವಳ ತಲೆಯ ಮೇಲಿತ್ತು. ಆಕೆಯನ್ನು ಹಿಂದಿನ ಎರಡು ಮೂರು ದಿನವೂ ಅಲ್ಲೇ ಕಂಡಂತೆ ವಿಶಾಲುವಿಗೆ ನೆನಪಾಯಿತು. ನಿಂಗವ್ವನೇ ಆಗಿದ್ದರೆ ಬರಹ ಓದಿ ಮುಲುಂಡಿಗೆ ಹೋಗಿರುತ್ತಿದ್ದಳು, ಇಲ್ಲೇಕೆ ಕೂರುತ್ತಾಳೆ ಎಂದುಕೊಂಡು ಮುಂದೆ ಹೋಗಿದ್ದಳು. ಅಂದು ಏನನ್ನಿಸಿತೋ, ನಿಂತು ಕೇಳಿದಳು.

"ಯಾರಿಗಮ್ಮ ಕಾಯ್ತಿದೀಯಾ?"

ಆ ಹೆಂಗಸು ಕನ್ನಡ ಕೇಳಿ ದಡಕ್ಕನೆ ಎದ್ದಳು. "ನಮ್ಮಣ್ಣಗರೀ ಅಕ್ಕಾರ. ಬಾಗಲಕೋಟಿ ಕಡಿಯವರು ನಾವು."

"ನಿನ್ನ ಹೆಸರೇನು?"

"ನಿಂಗವ್ವರೀ."

ವಿಶಾಲುವಿನ ಕೈಯಿಂದ ಚೀಲ ಜಾರಿತಂತೆ. "ಅಯ್ಯೋ ನಿನ್ನ! ನಿನ್ನ ಹೆಸರು ನಿನ್ನ ತಲೆ ಮೇಲೇ ಇದೆಯಲ್ಲೇ!"

ನಿಂಗವ್ವ ತಿರುಗಿ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನನಗ ಓದಾಕ ಬರೂದಿಲ್ರೀ. ನಮ್ಮಣ್ಣ ಹೇಳಿದ್ದ, ಗ್ವಾಡಿ ಮ್ಯಾಲ ಚೇಳ ಬರದಿರ್ತೀನಿ, ಚೇಳ ಕಂಡಲ್ಲಿ ನಿಂದರು, ಅದರ ಬಾಜೂಕ ಬರದದ್ದನ್ನ ಯಾರ ಕಡೆನರ ಓದಿಸ್ಕೋ ಅಂತ. ನಾ ಈ ತುದಿಯಿಂದ ಆ ತುದಿ ತನಕ ನೋಡೀನ್ರೀ. ಎಲ್ಲೂ ಚೇಳ ಇಲ್ಲ. ನಮ್ಮಣ್ಣ ನನ್ನ ಮರತ ಅನ್ಕೊಂಡ್ನಿ. ನಾಳೆ ಊರಿಗಿ ಹೊಂಟ ಮಂದಿ ಜೋಡಿ ತಿರುಗಿ ಹೋಗಾಕಿ ಇದ್ನಿರೀ."

ವಿಶಾಲು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳಂತೆ. ಎಷ್ಟು ಮಳೆ, ಎಷ್ಟು ಸುಣ್ಣ, ಎಷ್ಟು ಸಲ ಕಣ್ಣಿಗೊತ್ತಿಕೊಂಡು ಬರೆದದ್ದು! ಅಕ್ಷರಗಳನ್ನೆಲ್ಲ ಉಳಿಸಿದ್ದಳು. ನಿಂಗವ್ವನಿಗೆ ಬೇಕಾಗಿದ್ದ ಒಂದೇ ಒಂದನ್ನು ಬಿಟ್ಟಿದ್ದಳು. ಚೀಲದಿಂದ ಇದ್ದಿಲು ತೆಗೆದು, ತಡವಾದರೂ ಸರಿ ಎಂದು ಗೋಡೆಗೆ ಒಂದು ಚೇಳು ಬರೆದಳು. ನಿಂಗವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳಂತೆ. "ಅದು ಏಡಿ ಆತ್ರೀ ಅಕ್ಕಾರ."

ಅಂದು ಸಂಜೆ ನಾನು ಮನೆಗೆ ಬಂದಾಗ ಚಾಳಿನ ಗ್ಯಾಲರಿಯಲ್ಲಿ ನಿಂಗವ್ವ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಳಗಿನಿಂದ ವಿಶಾಲುವಿನ ಮಾತು ಕೇಳುತ್ತಿತ್ತು. ನಾನು ಮದುವೆಯಾದಂದಿನಿಂದ ಅವಳು ಅಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ. ಮುಲುಂಡಿಗೆ ಕುರ್ಲಾದಲ್ಲಿ ಗಾಡಿ ಬದಲಿಸಬೇಕು, ನನಗೆ ರಜೆ ಇರುವುದು ಭಾನುವಾರ, ಅಲ್ಲಿಯವರೆಗೆ ನಿಂಗವ್ವ ನಮ್ಮಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ನನ್ನನ್ನು ಕೇಳಬೇಕಾದ ಅಗತ್ಯ ಯಾರಿಗೂ ಕಂಡಿರಲಿಲ್ಲ. ಚಾಳಿನವರು ಮೂಗು ಮುರಿದರು, ನಮ್ಮ ತಾಯಿ ಕಂಡಿದ್ದರೆ ಗಂಗಾಜಲ ತರಿಸುತ್ತಿದ್ದರು. ನಾನು ಎಂದಿನಂತೆ ಯಾರ ಪಕ್ಷವನ್ನೂ ಹಿಡಿಯಲಿಲ್ಲ.

ನಿಂಗವ್ವ ಯಾಕೆ ತಡವಾಗಿ ಬಂದಳೆಂಬುದನ್ನು ವಿಶಾಲು ಮರುದಿನ ಹೇಳಿದಳು. ಅವರ ತಾಯಿ ಹಾಸಿಗೆ ಹಿಡಿದಿದ್ದರು. ಅಣ್ಣ ತಂಡದ ಜೊತೆ ಹೊರಡಲೇಬೇಕಿತ್ತು. 'ಅವ್ವ ಇರೋ ತನಕ ನೀ ಇಲ್ಲೇ ಇರು. ಅವ್ವಂದು ಆದ ಮ್ಯಾಲ ಬಾ' ಎಂದು ಹೇಳಿ ಹೋಗಿದ್ದ. ಈಗ ತಾಯಿ ಹೋಗಿ, ಮಣ್ಣು ಮಾಡಿ, ಇವಳು ಬಂದಿದ್ದಳು. ಊರಿನಲ್ಲಿ ಇವಳಿಗೆ ಇನ್ನಾರೂ ಇರಲಿಲ್ಲ. ಅಣ್ಣನಿಗೆ ತಾಯಿಯ ಸುದ್ದಿ ಇನ್ನೂ ಗೊತ್ತಿರಲಿಲ್ಲ.

ಆ ಮೂರು ದಿನ ನಮ್ಮ ಖೋಲಿ ಖೋಲಿಯಾಗಿರಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಜೋಳದ ರೊಟ್ಟಿ ಬಡಿಯುವ ಸದ್ದು, ಬರುವಾಗ ನಗು. ನಿಂಗವ್ವನ ಮಾತಿನ ಅರ್ಧ ವಿಶಾಲುವಿಗೆ ತಿಳಿಯುತ್ತಿರಲಿಲ್ಲ, ವಿಶಾಲುವಿನ ಮೈಸೂರು ಮಾತು ಕೇಳಿ ನಿಂಗವ್ವ, "ಅಕ್ಕಾರ, ನೀವು ಮಾತಾಡಿದ್ರ ಹಾಡ ಹೇಳಿದಂಗ ಆಕ್ಕೈತಿ" ಎನ್ನುತ್ತಿದ್ದಳು. ಕುಸುಮತಾಯಿ ನಡುವೆ ಕೂತು ಏನೂ ತಿಳಿಯದಿದ್ದರೂ ನಗುವ ಜಾಗದಲ್ಲಿ ನಗುತ್ತಿದ್ದರು.

ಶನಿವಾರ ಸಂಜೆ ವಿಶಾಲು ಶೆಗಡಿಗೆ ಗಾಳಿ ಬೀಸುತ್ತ, ನನ್ನ ಕಡೆ ನೋಡದೆ ಕೇಳಿದಳು.

"ನಾಳೆಯೇ ಹೋಗ್ಬೇಕೇನ್ರೀ? ಮುಂದಿನ ಭಾನುವಾರ ಹೋದ್ರಾಗಲ್ವಾ?"

ನಾನು ಅವಳ ಮುಖ ನೋಡಿದೆ. ಹೊಗೆಗೋ ಏನೋ ಕಣ್ಣು ಕೆಂಪಾಗಿತ್ತು. ಅಲ್ಲಿಯವರೆಗೆ ಅವಳು ಎಷ್ಟು ಒಂಟಿಯಾಗಿದ್ದಳು ಎಂಬುದು ಆ ಒಂದು ಮಾತಿನಲ್ಲಿ ನನಗೆ ತಿಳಿಯಿತು. ಆಗಲಿ ಎಂದುಬಿಡೋಣ ಎನ್ನಿಸಿತು. ಆದರೆ ಬಾಯಿ ತೆರೆಯುವ ಮೊದಲೇ ಅವಳು ಬೀಸಣಿಗೆ ಕೆಳಗಿಟ್ಟಳು.

"ಬೇಡ ಬಿಡಿ. ಅಲ್ಲಿ ಅವರಣ್ಣ ದಿನಾ ದಾರಿ ನೋಡ್ತಿರ್ತಾನೆ. ನಾನೆಂಥ ಪಾಪಿ, ನೋಡಿ."

ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ವಿಶಾಲು ನಿಂಗವ್ವನಿಗೆ ತನ್ನ ಒಂದು ಹಸಿರು ರವಿಕೆ ಕೊಟ್ಟಿದ್ದಳು. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಇಬ್ಬರೂ ಪರಸ್ಪರ ಸೆರಗು ಹಿಡಿದುಕೊಂಡಿದ್ದರು. ನಾನು ಮುಂದೆ ದಾರಿ ಬಿಡಿಸುತ್ತ ನಡೆದೆ. ಮುಲುಂಡಿನಲ್ಲಿ ಇಳಿದು ವಿಚಾರಿಸಿಕೊಂಡು ಹೋದರೆ ಅರ್ಧ ಎದ್ದ ಕಟ್ಟಡ, ಬಿದಿರಿನ ಸಾರುವೆ, ಮರಳಿನ ಗುಡ್ಡೆ, ಅದರಾಚೆ ತಗಡಿನ ಗುಡಿಸಲುಗಳ ಸಾಲು. ಭಾನುವಾರವೆಂದು ಕೆಲಸವಿರಲಿಲ್ಲ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನೀರಿನ ಪೀಪಾಯಿಯ ಪಕ್ಕದಲ್ಲಿ ಒಬ್ಬ ಗಂಡಸು ತಲೆತುಂಬ ಸಾಬೂನು ಹಚ್ಚಿಕೊಂಡು ನಿಂತಿದ್ದ.

"ಅಣ್ಣಾ" ಎಂದಳು ನಿಂಗವ್ವ, ಜೋರಾಗಿ ಅಲ್ಲ.

ಯಲ್ಲಪ್ಪ ಕಣ್ಣಿನ ನೊರೆ ಒರೆಸಿಕೊಂಡು ನೋಡಿದ. ತಂಗಿಯ ಮುಖ ಅರಳಿದ್ದನ್ನು ನಾನು ಕಂಡೆ, ಅವನದು ಅರಳಲಿಲ್ಲ. ಅವಳು ಅವ್ವನನ್ನು ಬಿಟ್ಟು ಬಂದಿದ್ದಳು. ಕೈಯಲ್ಲಿದ್ದ ತಂಬಿಗೆಯನ್ನು ನಿಧಾನವಾಗಿ ಕೆಳಗಿಟ್ಟು, ಆ ಸಾಬೂನು ಹತ್ತಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ನೊರೆ ಇಳಿದು ಕಣ್ಣಿಗೆ ಹೋಗುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನಿಂಗವ್ವ ಗಂಟು ಬಿಸಾಡಿ ಓಡಿಹೋಗಿ, ತಂಬಿಗೆ ಎತ್ತಿಕೊಂಡು, ಅಳುತ್ತಲೇ ಅಣ್ಣನ ತಲೆಗೆ ನೀರು ಹಾಕಿದಳು. ಒಂದು ತಂಬಿಗೆ, ಇನ್ನೊಂದು ತಂಬಿಗೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಎದ್ದು ಬಂದರು. ಸುತ್ತ ಕೂತು, ಕಾಣದ ಆ ಮುದುಕಿಯ ಹೆಸರು ಹಿಡಿದು ದನಿ ಎತ್ತಿ ಅತ್ತರು.

ನಾನೂ ವಿಶಾಲುವೂ ಮರಳಿನ ಗುಡ್ಡೆಯ ಈಚೆ ನಿಂತಿದ್ದೆವು. ಅಲ್ಲಿ ನಮಗೆ ಕೆಲಸವಿರಲಿಲ್ಲ. ಹೊರಟುಬಿಡೋಣವೆಂದು ನಾನು ಸನ್ನೆ ಮಾಡಿದೆ. ವಿಶಾಲು ಕದಲಲಿಲ್ಲ. ಅವಳೂ ಅಳುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಯಾರೋ ಹಿತ್ತಾಳೆ ಲೋಟಗಳಲ್ಲಿ ಚಹಾ ತಂದುಕೊಟ್ಟರು. ಯಲ್ಲಪ್ಪ ಬಂದು ನಮ್ಮ ಕಾಲು ಮುಟ್ಟಿದ. ನಿಂಗವ್ವ ಮುಖ ತೊಳೆದುಕೊಂಡು ಬಂದು ವಿಶಾಲುವಿನ ಕೈ ಹಿಡಿದುಕೊಂಡಳು. ಅವಳ ಹಿಂದೆ ಇಡೀ ತಂಡ ನಿಂತಿತ್ತು, ಹೆಂಗಸರು, ಗಂಡಸರು, ಸೊಂಟದ ಮೇಲಿನ ಕೂಸುಗಳು.

"ಅಕ್ಕಾರ, ನಾ ನಮ್ಮ ಮಂದಿ ಕೂಡಿಕೊಂಡ್ನಿರೀ. ಈ ಊರಾಗ ನಿಮ್ಮ ಮಂದಿ ಎಲ್ಲಿ ಅದಾರ್ರೀ?"

ವಿಶಾಲು ಒಂದು ಕ್ಷಣವೂ ತಡೆಯದೆ ನನ್ನ ಕಡೆ ಬೆರಳು ತೋರಿಸಿದಳು. "ಇವರೇ."

ನಿಂಗವ್ವ ನನ್ನನ್ನು ನೋಡಿದಳು. ಕೊಡೆ ಹಿಡಿದು, ಷರಟಿನ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು, ಚಹಾದ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ ನನ್ನನ್ನು. ಆಮೇಲೆ ನನ್ನ ಅಕ್ಕಪಕ್ಕ ನೋಡಿದಳು, ಇನ್ನಾರಾದರೂ ಇದ್ದಾರೆಯೇ ಎಂದು. ಅವಳ ಮುಖದಲ್ಲಿ ಕುಹಕವಿರಲಿಲ್ಲ, ಮರುಕವಿತ್ತು.

"ಇಷ್ಟ ಮಂದಿ ಏನ್ರೀ?"

ಮರಳುವ ಗಾಡಿಯಲ್ಲಿ ವಿಶಾಲು ನನ್ನ ಪಕ್ಕ ಕೂತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹಳಿಯ ಉದ್ದಕ್ಕೂ ಬರಹಗಳು ಓಡುತ್ತಿದ್ದವು, ಒಂದನ್ನೂ ಓದಲಿಲ್ಲ. ಎಷ್ಟೋ ಹೊತ್ತಿಗೆ ಧೈರ್ಯ ತಂದುಕೊಂಡು, ಮೈಸೂರಿನಲ್ಲಿ ಆಂಜನೇಯನ ಗುಡಿಯ ಗೋಡೆಗೆ ಪೆನ್ಸಿಲಿನಲ್ಲಿ ನಂಬರು ಬರೆದ ಕಥೆಯನ್ನು ಅವಳಿಗೆ ಹೇಳಿದೆ. ಮದುವೆಯಾದ ಮೇಲೆ ನಾನಾಗಿ ಹೇಳಿದ ಮೊದಲನೆಯ ಕಥೆ ಅದೇ ಇರಬೇಕು. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಂದಿನಿಂದ ದಿನಕ್ಕೊಂದು ಏನಾದರೂ ಹೇಳುವುದು ಅಭ್ಯಾಸವಾಯಿತು. ಆಫೀಸಿನಲ್ಲಿ ಕೇಳಿದ್ದು, ದಾರಿಯಲ್ಲಿ ಓದಿದ್ದು, ಕೆಲವೊಮ್ಮೆ ಹುಟ್ಟಿಸಿಕೊಂಡು ಹೇಳಿದ್ದು. ನಮಗೆ ಮಕ್ಕಳಾಗಲಿಲ್ಲ. ಇಷ್ಟೇ ಮಂದಿ, ನಾವಿಬ್ಬರೂ ಒಬ್ಬರಿಗೊಬ್ಬರು ಸಾಕಾಗುವಂತೆ ಹೇಗೋ ನಡೆಸಿಕೊಂಡು ಬಂದೆವು.

ಮೊನ್ನೆ ಸೊಸೈಟಿಯ ಮೀಟಿಂಗು ಮುಗಿದ ಮೇಲೆ ಎದುರು ಮನೆಗೆ ಹೊಸದಾಗಿ ಬಂದ ಹೆಂಗಸು ಮೆಟ್ಟಿಲಲ್ಲಿ ಸಿಕ್ಕರು. ನಾನೂ ಕನ್ನಡದವನೆಂದು ತಿಳಿದು ಸಂತೋಷಪಟ್ಟು, ಎಲ್ಲರೂ ಕೇಳುವಂಥ ಪ್ರಶ್ನೆಯನ್ನೇ ಕೇಳಿದರು, "ನಿಮ್ಮವರೆಲ್ಲ ಎಲ್ಲಿದಾರೆ?" ನನಗೆ ಅರಿವಿಲ್ಲದೆ ಕೈ ಮೇಲೆದ್ದಿತು. ಬೆರಳನ್ನು ಯಾವ ಕಡೆ ತೋರಿಸಬೇಕೆಂದು ತಿಳಿಯದೆ ಹಾಗೆಯೇ ನಿಂತೆ.